ಮೇಲಿನ ನಟ್ಟು

ಆ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಪೈಪು ಮೇಸ್ತ್ರಿಯ ಶೆಡ್ ಎಲ್ಲಿ ಅಂದರೆ ನಿಂತಲ್ಲಿಂದಲೇ ಕೈ ತೋರಿಸುತ್ತಾರೆ. ಪೈಪು ಮೇಸ್ತ್ರಿಯ ಅಳಿಯನ ಹೆಸರೇನು ಅಂತ ಕೇಳಿ, ತಲೆ ಕೆರೆದುಕೊಳ್ಳುತ್ತಾರೆ. ಮಾವ ಅಳಿಯ ಅನ್ನುತ್ತಿದ್ದ, ಅದು ನ್ಯಾಯ. ಗಿರಾಕಿಗಳೂ ಅಳಿಯ ಅನ್ನುತ್ತಿದ್ದರು. ಪಕ್ಕದ ಟೈರ್ ಅಂಗಡಿಯವನು ಅಪ್ಪನ ವಯಸ್ಸಿನವನು, ಅವನೂ ಅಳಿಯ ಅನ್ನುತ್ತಿದ್ದ. 'ಅಳಿಯ ಅಲ್ಲ, ಮಗಳ ಗಂಡ' ಅಂತ ಗಾದೆ ಇದೆಯಲ್ಲ, ಇವನ ಪಾಲಿಗೆ ಮಗಳ ಗಂಡ ಅನ್ನುವ ಅಷ್ಟು ಮಾತೂ ಇರಲಿಲ್ಲ. ಬೀದಿಗೆಲ್ಲ ಅಳಿಯನಾದ ಮೇಲೆ ಗಂಡಸಿಗೆ ಸ್ವಂತದ್ದು ಅಂತ ಏನು ಉಳಿಯುತ್ತದೆ?

ಮದುವೆಯಾದ ಹೊಸದರಲ್ಲಿ, ನಾಲ್ಕು ತಿಂಗಳು ಕೆಲಸ ಕಲಿತು ಹೊರಟುಬಿಡುತ್ತೇನೆ ಅಂತ ಬಂದವನು. ಕೆಲಸ ಕಲಿತ. ಮೀಸೆಯಲ್ಲಿ ಬಿಳಿಕೂದಲು ಬಂತು. ಹೊರಡುವುದೊಂದು ಬಾಕಿ ಇತ್ತು.

ಹೊರಡುವುದು ಹೇಗೆ? ಆ ಮನೆಯನ್ನು ಕಟ್ಟಿದವನು ಇಲಿಬೋನು ನೋಡಿಕೊಂಡೇ ಕಟ್ಟಿರಬೇಕು. ಮುಂದೆ ಶೆಡ್, ಹಿಂದೆ ಮನೆ, ಮನೆಗೆ ಬೇರೆ ಬಾಗಿಲಿಲ್ಲ. ಶೆಡ್ಡಿನ ಬಾಯಲ್ಲಿ, ಸರಿಯಾಗಿ ನಡುಮಧ್ಯೆ, ಮಾವನ ಕಬ್ಬಿಣದ ಸ್ಟೂಲು. ಒಂದು ಬೆಂಕಿಪೊಟ್ಟಣ ತರಲು ಹೋದರೂ ಆ ಸ್ಟೂಲು ದಾಟಬೇಕು. ದಾಟುವಾಗ 'ಎಲ್ಲಿಗೆ?', ವಾಪಸ್ ಬರುವಾಗ 'ಯಾಕೆ ಇಷ್ಟು ಹೊತ್ತು?'. ಮಲಗುವ ಕೋಣೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ, ಅದೂ ಹಪ್ಪಳದಷ್ಟು ದಪ್ಪ. ಆಚೆ ಮಾವ ನಟ್ಟು ಬಿಚ್ಚುವ ಪಾನ ಕೆಳಗಿಟ್ಟರೆ ಈಚೆ ದಿಂಬಿಗೆ ಕೇಳಿಸುತ್ತಿತ್ತು. ಗಂಡ ಹೆಂಡತಿ ಪಿಸುಮಾತಿನಲ್ಲೇ ಜಗಳವಾಡುವುದನ್ನು ಕಲಿತುಕೊಂಡಿದ್ದರು. ಪಿಸುಮಾತಿನ ಜಗಳ ಅಂದರೆ ಕೈ ಕಟ್ಟಿಕೊಂಡು ಈಜಿದ ಹಾಗೆ, ದಡ ಸೇರುವುದಿಲ್ಲ.

ಇನ್ನು ಮಾವನ ಹೆಸರಿನ ವಿಚಾರ. ಪೈಪು ಮೇಸ್ತ್ರಿ ಅಂದರೆ ನಲ್ಲಿ ಕೆಲಸದವನಲ್ಲ. ಅವನ ಹತ್ತಿರ ತೋಳುದ್ದದ ಒಂದು ಕಬ್ಬಿಣದ ಪೈಪು ಇತ್ತು. ಯಾವ ಗಾಡಿಯ ಕೆಲಸ ಮುಗಿದರೂ ಕೊನೆಗೆ ಪಾನದ ಬಾಲಕ್ಕೆ ಆ ಪೈಪು ತೊಡಿಸಿ, ಅದಕ್ಕೆ ಜೋತುಬಿದ್ದು, ನಟ್ಟು ಅಯ್ಯೋ ಅನ್ನುವವರೆಗೆ ಬಿಗಿಯುತ್ತಿದ್ದ. ಮೇಸ್ತ್ರಿ ಬಿಗಿದರೆ ಒಂದು ಹನಿ ಸೋರುವುದಿಲ್ಲ ಅಂತ ಗಿರಾಕಿಗಳು ಹೊಗಳುತ್ತಿದ್ದರು. ಅಸಲು ಕಾರಣ ಅಳಿಯನಿಗೆ ಗೊತ್ತಿತ್ತು. ಹಾಗೆ ಬಿಗಿದ ನಟ್ಟನ್ನು ಬೇರೆ ಶೆಡ್ಡಿನವನು ಬಿಚ್ಚಲಾರ. ಗಾಡಿ ಮತ್ತೆ ಇಲ್ಲಿಗೇ ಬರಬೇಕು. ಒಮ್ಮೆ ಬಂದದ್ದು ಬಿಟ್ಟು ಹೋಗಬಾರದು, ಅದು ಗಾಡಿಯಾದರೇನು, ಗಂಡಾಳಾದರೇನು, ಮಾವನ ಲೆಕ್ಕ ಒಂದೇ.

ಪೈಪಿನ ಜೊತೆ ಮಾವನ ಇನ್ನೊಂದು ಮಂತ್ರವಿತ್ತು. ಗೇರ್‌ಬಾಕ್ಸ್ ಆಗಲಿ, ಅದರ ಬೆನ್ನಿಗೆ ಅಂಟಿಕೊಂಡು ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಆಗಲಿ, ಎಣ್ಣೆ ಬದಲಾಯಿಸುವಾಗ ಎರಡು ನಟ್ಟು. ಮೇಲಿನದು ಎಣ್ಣೆ ತುಂಬಲು, ಕೆಳಗಿನದು ಎಣ್ಣೆ ಇಳಿಸಲು. 'ಮೊದಲು ಮೇಲಿಂದು, ಆಮೇಲೆ ಕೆಳಗಿಂದು.' ಯಾಕೆಂದರೆ ಕೆಳಗಿನದು ಬಿಚ್ಚಿ ಎಣ್ಣೆಯೆಲ್ಲ ಸುರಿಸಿದ ಮೇಲೆ ಮೇಲಿನದು ಬಿಚ್ಚಿಕೊಳ್ಳದಿದ್ದರೆ, ಹೊಸ ಎಣ್ಣೆಯನ್ನು ಎಲ್ಲಿಂದ ಹುಯ್ಯುತ್ತೀರಿ? ಗಾಡಿ, ಅಡಿಗಿಳಿದು ಕೆಲಸ ಮಾಡುವ ಪಿಟ್ ಗುಂಡಿಯ ಮೇಲೆ ಹೆಣ. ಈ ಮಾತನ್ನು ಮಾವ ಅಳಿಯನಿಗೆ ಒಂದು ಸಲ ಹೇಳಿದ್ದರೆ ಬುದ್ಧಿವಾದ ಅನ್ನಬಹುದಿತ್ತು. ಪ್ರತಿ ಗಾಡಿಗೂ ಹೇಳಿದ. ಗಿರಾಕಿಗಳ ಎದುರು ಹೇಳಿದ. ಊಟದ ತಟ್ಟೆಯ ಮುಂದೆ ಹೇಳಿದ.

ಶೆಡ್ಡಿನ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಒಂದು ಹಳೆಯ ಫೋರ್ ವೀಲ್ ಜೀಪು ಕೊಳೆಯುತ್ತಿತ್ತು. ಅಳಿಯ ಅದನ್ನು ಬಿಡುವಾದಾಗಲೆಲ್ಲ ಬಿಚ್ಚಿ, ಉಜ್ಜಿ, ಜೋಡಿಸಿ ಜೀವ ಬರಿಸಿದ್ದ. ಆ ಮನೆಯಲ್ಲಿ ಅವನದು ಅಂತ ಇದ್ದದ್ದು ಅದೊಂದೇ. ಅದರ ಟ್ರಾನ್ಸ್‌ಫರ್ ಕೇಸ್ ಜೋಡಿಸಿದ ದಿನ ಮಾವ ಪೈಪು ತಂದು ಕೈಗೆ ಕೊಟ್ಟು, ನೀನೇ ಬಿಗಿ ಅಂದಿದ್ದ. ದೊಡ್ಡ ಗೌರವ ಅನ್ನಿಸಿ ಅಳಿಯ ಜೋತುಬಿದ್ದು ಬಿಗಿದಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಗುಡ್ಡದ ಆಚೆ ಒಬ್ಬ ಮುದುಕ ಮೆಕ್ಯಾನಿಕ್ ಮಂಡಿನೋವಿಗೆ ಸೋತು ಶೆಡ್ ಬಿಟ್ಟುಕೊಡುತ್ತಿದ್ದ. ಐದನೆಯ ದಿನ ಸಂಜೆ ಕತ್ತಲಾಗುವುದರೊಳಗೆ ಬಂದರೆ ಬೀಗದ ಕೈ ನಿನಗೆ, ಬರದಿದ್ದರೆ ಮಾರನೆಯ ಬೆಳಿಗ್ಗೆಗೆ ಇನ್ನೊಬ್ಬ ಕಾಯುತ್ತಿದ್ದಾನೆ ಅಂದಿದ್ದ. ಹೆಂಡತಿಗೆ ಅಳಿಯ ಹೇಳಿದ್ದು ರಾತ್ರಿ ದಿಂಬಿಗೆ ಬಾಯಿಟ್ಟು. ಅವಳು ಹೂಂ ಅಂದಳು, ನಾಲ್ಕು ದಿನದಲ್ಲಿ ಸದ್ದಿಲ್ಲದೆ ಸಾಮಾನು ಕಟ್ಟಿದಳು. ಮಾವನಿಗೆ ಹೇಳುವುದು ಯಾರು? ಆ ಮಾತು ಬಂದಾಗ ಇಬ್ಬರೂ ಸೂರು ನೋಡುತ್ತಿದ್ದರು. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಹೇಳದೆ ಹೋಗಿ, ಅಲ್ಲಿಂದ ಫೋನ್ ಮಾಡುವುದು ಅಂತ ತೀರ್ಮಾನವಾಯಿತು. ಹೇಡಿತನ ಅನ್ನುತ್ತೀರಾ? ಅನ್ನಿ. ಆ ಸ್ಟೂಲಿನ ಮುಂದೆ ಒಂದು ದಿನ ನಿಂತು ಆಮೇಲೆ ಅನ್ನಿ.

ಅದೃಷ್ಟ ನೋಡಿ, ಹೊರಡಬೇಕಾದ ದಿನವೇ, ಕಣ್ಣು ತೋರಿಸಿಕೊಳ್ಳಿ ಅಂತ ಅತ್ತೆ ವರ್ಷಗಳಿಂದ ಗೋಗರೆದರೂ ಕಿವಿಗೆ ಹಾಕಿಕೊಳ್ಳದ ಮಾವ ಇದ್ದಕ್ಕಿದ್ದಂತೆ, ನಡಿ, ಇವತ್ತೇ ಹೋಗೋಣ ಅಂದ. ಬೆಳಗಿನ ತಿಂಡಿ ಮುಗಿಸಿ ಅತ್ತೆಯ ಜೊತೆ ಆಟೋ ಹತ್ತಿದ. ಸ್ಟೂಲು ಖಾಲಿ. ಖಾಲಿ ಸ್ಟೂಲನ್ನು ಅಳಿಯ ಅಷ್ಟು ವರ್ಷದಲ್ಲಿ ನೋಡಿದ್ದು ಕಡಿಮೆ.

ಬಾಕಿ ಇದ್ದದ್ದು ಒಂದೇ ಕೆಲಸ. ಹಿಂದಿನ ವಾರ ಟ್ರಾನ್ಸ್‌ಫರ್ ಕೇಸಿನ ಅಡಿಯಲ್ಲಿ ಹನಿದಿದ್ದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿದ್ದ; ಹಾಲು ಬೆರೆತ ಕಾಫಿಯ ಬಣ್ಣ. ನೀರು ಸೇರಿದೆ. ಆ ಎಣ್ಣೆಯಲ್ಲಿ ಸಾಮಾನು ಹೇರಿಕೊಂಡು ಗುಡ್ಡ ಹತ್ತಿದರೆ ಅರ್ಧ ದಾರಿಯಲ್ಲಿ ಹಲ್ಲು ತಿಂದುಕೊಂಡು ನಿಲ್ಲುತ್ತದೆ. ಮೊದಲೇ ಬದಲಾಯಿಸಬಹುದಿತ್ತು, ಆದರೆ ಮಾವ ಕೇಳುತ್ತಿದ್ದ: ಎಲ್ಲಿಗೆ ಹೋಗಕ್ಕೆ?

ಜೀಪನ್ನು ಪಿಟ್ ಮೇಲೆ ನಿಲ್ಲಿಸಿ, ಎಂಜಿನ್ ಓಡಿಸಿ ಎಣ್ಣೆ ಬೆಚ್ಚಗಾಗಿಸಿ, ಅಳಿಯ ಕೆಳಗಿಳಿದ. ಬೋಗುಣಿ ಇಟ್ಟ. ಪಾನ ಹಿಡಿದು ಕೈ ಮೇಲೆತ್ತಿದವನು ನಿಂತ. 'ಮೊದಲು ಮೇಲಿಂದು.' ಮಾವ ಇಲ್ಲದಿದ್ದರೂ ಮಾವನ ಗಂಟಲು ಕಿವಿಯೊಳಗೆ ಕೂತಿತ್ತು. ಅಳಿಯನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇವತ್ತೂ ನಿನ್ನ ಮಾತೇ ಕೇಳಬೇಕಾ? ಅಂತ ಗೊಣಗಿ, ಬೇಕೆಂತಲೇ ಕೆಳಗಿನ ನಟ್ಟಿಗೆ ಪಾನ ಹಾಕಿ, ಪೈಪು ತೊಡಿಸಿ, ಒಂದೇ ಜಗ್ಗಿಗೆ ಬಿಚ್ಚಿದ. ಕಾಫಿ ಬಣ್ಣದ ಎಣ್ಣೆ ಗೊಳೋ ಅಂತ ಸುರಿಯಿತು. ಅಂಥ ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಕೊನೆಯ ಹನಿಯವರೆಗೂ ನೋಡುತ್ತ ನಿಂತು, ಕೆಳಗಿನದನ್ನು ಮುಚ್ಚಿ, ಆಮೇಲೆ ಮೇಲಿನದಕ್ಕೆ ಪಾನ ಹಾಕಿದ.

ಅಲುಗಲಿಲ್ಲ.

ಪೈಪು ತೊಡಿಸಿ ಜಗ್ಗಿದ. ಪಾನ ಜಾರಿತು, ಗೆಣ್ಣಿನ ಚರ್ಮ ಹೋಯಿತು. ಮತ್ತೆ ಜಗ್ಗಿದ. ನಟ್ಟಿನ ಮೂಲೆಗಳು ಸವೆದು, ಆರು ಮೂಲೆಯ ತಲೆ ಗೋಲಿಯ ಹಾಗೆ ದುಂಡಗಾಯಿತು. ಯಾರು ಬಿಗಿದದ್ದು? ಅವನೇ. ಯಾವ ಪೈಪಿನಲ್ಲಿ? ಇದೇ ಪೈಪಿನಲ್ಲಿ. ಅವನು ಪಿಟ್‌ನ ಗೋಡೆಗೆ ಒರಗಿ ಕೂತುಬಿಟ್ಟ. ಕಟ್ಟಿದ ಸಾಮಾನು ಜೀಪಿನ ಮೇಲೆ, ಎಣ್ಣೆಯಿಲ್ಲದ ಜೀಪು ತಲೆಯ ಮೇಲೆ.

ಸದ್ದು ನಿಂತದ್ದು ಕೇಳಿ ಹೆಂಡತಿ ಬಂದು ಬಗ್ಗಿ ನೋಡಿದಳು. ಅವಳು ಆ ಶೆಡ್ಡಿನಲ್ಲೇ ಅಂಬೆಗಾಲಿಟ್ಟವಳು, ಬಿಡಿಸಿ ಹೇಳಬೇಕಾಗಿರಲಿಲ್ಲ.

"ರೀ, ಕೆಳಗಿಂದು ಮೊದಲು ಬಿಚ್ಚಿದ್ರಾ?"

ಅವನು ದುಂಡಗಾದ ನಟ್ಟನ್ನು ಬೆರಳಿನಿಂದ ತೋರಿಸಿದ.

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡರಂತೆ. ಅಪ್ಪ ಇಲ್ದೆ ಇರೋ ಒಂದೇ ಒಂದು ದಿನ ಸಿಕ್ಕಿದ್ರೆ, ಅವತ್ತೇ ಈ ಕೆಲಸ ಮಾಡ್ಕೊಂಡ್ರಿ."

ಬೈಯುತ್ತಲೇ ಅವಳು ಬಾನೆಟ್ ಎತ್ತಿದಳು. ಟ್ರಾನ್ಸ್‌ಫರ್ ಕೇಸಿಗೆ ಉಸಿರಾಡಲು ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತದೆ, ಬ್ರೀದರ್ ಅನ್ನುತ್ತಾರೆ. ಆ ಜೀಪಿನಲ್ಲಿ ಅದರ ತುದಿ ಎಂಜಿನ್ ಪಕ್ಕದವರೆಗೆ ಬಂದಿತ್ತು. ಅದರ ಮುಚ್ಚಳ ಕಿತ್ತು, ಅಡುಗೆಮನೆಯ ಆಲಿಕೆ ಸಿಕ್ಕಿಸಿ, ಎಣ್ಣೆ ತೆಳುವಾಗಲಿ ಅಂತ ಡಬ್ಬಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟು, ಅವಳು ಹುಯ್ಯತೊಡಗಿದಳು. ಇವನು ಪಿಟ್‌ನಲ್ಲೇ ನಿಂತು ಎಲ್ಲಾದರೂ ಸೋರುತ್ತದೆಯೇ ಅಂತ ಟಾರ್ಚ್ ಬಿಡುತ್ತಿದ್ದ. ಉಪಾಯವೇನೋ ಚೆನ್ನಾಗಿಯೇ ಇತ್ತು. ಆದರೆ ಇರುವುದೊಂದೇ ತೂತು. ಎಣ್ಣೆ ಒಳಗೆ ಹೋಗುವುದೂ ಅಲ್ಲಿಂದಲೇ, ಒಳಗಿನ ಗಾಳಿ ಹೊರಗೆ ಬರುವುದೂ ಅಲ್ಲಿಂದಲೇ. ಆಲಿಕೆ ತುಂಬಿ ಸುಮ್ಮನೆ ನಿಲ್ಲುತ್ತಿತ್ತು, ನಿಂತೂ ನಿಂತೂ ಒಂದು ಸಲ 'ಗುಳುಂ' ಅಂತ ಗುಳ್ಳೆ ಬಿಟ್ಟು ಒಂದು ಗುಟುಕು ಕುಡಿಯುತ್ತಿತ್ತು. ಜ್ವರದ ಮಗುವಿಗೆ ಔಷಧಿ ಕುಡಿಸಿದ ಹಾಗೆ. ಬಿಸಿಲು ಶೆಡ್ಡಿನ ಹೊಸ್ತಿಲು ದಾಟಿ ಒಳಗೆ ಬಂದರೂ ಡಬ್ಬಿ ಅರ್ಧ ಖಾಲಿಯಾಗಿರಲಿಲ್ಲ.

ಆಗ ಹೊರಗೆ ಆಟೋ ನಿಂತಿತು.

ಅತ್ತೆ ಮಾವನ ತೋಳು ಹಿಡಿದು ನಡೆಸಿಕೊಂಡು ಬಂದಳು. ಕಣ್ಣಿಗೆ ಔಷಧಿ ಬಿಟ್ಟು ಪಾಪೆ ಅಗಲ ಮಾಡಿದ್ದರು. ಕಪ್ಪು ಕನ್ನಡಕ, ಸಂಜೆಯವರೆಗೆ ಕಂಡದ್ದೆಲ್ಲ ಮಸುಕು. ಮಾವನ ಕಣ್ಣಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ, ಆದರೆ ಅತ್ತೆಯ ಕಣ್ಣಿಗೆ ಯಾರೂ ಔಷಧಿ ಬಿಟ್ಟಿರಲಿಲ್ಲ. ಬಾನೆಟ್ ಹಿಂದೆ ಆಲಿಕೆ ಹಿಡಿದು ಕಲ್ಲಾಗಿ ನಿಂತ ಮಗಳನ್ನು ನೋಡಿದಳು, ಜೀಪಿನ ಮೇಲಿನ ಹಾಸಿಗೆ ಸುರುಳಿಯನ್ನು ನೋಡಿದಳು, ಪಿಟ್‌ನ ಅಂಚಿನಲ್ಲಿ ಅಳಿಯನ ತಲೆಯನ್ನು ನೋಡಿದಳು. ಮಕ್ಕಳು ಎಲ್ಲೋ ಹೊರಗೆ ಹೋಗಿದಾರೆ ಅನ್ನಿಸತ್ತೆ, ಬನ್ನಿ ಒಳಗೆ, ಅಂದಳು ಗಂಡನಿಗೆ. ಮಾವ ಒಳಗೆ ಬರಲಿಲ್ಲ. ಇಲ್ಲೇ ಕೂರ್ತೀನಿ ಅಂತ ತಡಕಾಡಿ ಸ್ಟೂಲು ಹುಡುಕಿ, ಶೆಡ್ಡಿನ ಬಾಯಲ್ಲಿ, ಜೀಪಿನ ಮೂತಿಗೆ ಎದುರಾಗಿ ಕೂತ. ಪಿಟ್‌ನ ಮೆಟ್ಟಿಲು ಹತ್ತಿದರೆ ತಲೆ ತಾಗುವುದು ಆ ಸ್ಟೂಲಿನ ಕಾಲಿಗೇ.

ಅಳಿಯನಿಗೆ ಮೇಲೆ ಹೋಗುವಂತಿಲ್ಲ, ಕೆಮ್ಮುವಂತಿಲ್ಲ. ಎದೆಮಟ್ಟದ ಗುಂಡಿ, ತಲೆಯ ಮೇಲೆ ಜೀಪು, ಎದುರಿಗೆ ಮಾವನ ಎರಡು ಪಾದ. ಅಡಕತ್ತರಿಗೆ ಸಿಕ್ಕಿದ ಅಡಿಕೆಯಾದರೂ ಎರಡು ಹೋಳಾಗಿ ಬಿಡುಗಡೆ ಹೊಂದುತ್ತದೆ, ಇವನಿಗೆ ಅದೂ ಇಲ್ಲ.

ಮಾವ ತನ್ನಷ್ಟಕ್ಕೆ ಮಾತಾಡತೊಡಗಿದ. ಡಾಕ್ಟರ್ ಅಂದರೆ ಮೀಸೆ ಮೂಡದ ಹುಡುಗನಂತೆ. ಗೋಡೆಯ ಮೇಲಿನ ಅಕ್ಷರ ಓದಿ ಅಂದನಂತೆ. ಅಕ್ಷರ ಬಿಡಪ್ಪಾ, ಗೋಡೆ ಎಲ್ಲಿದೆ ಹೇಳು ಅಂದನಂತೆ ಮಾವ. ತನ್ನ ನಂಬರ್ ಬಂದಾಗಲೆಲ್ಲ ಮಾವನೇ ಹಿಂದಿನವರನ್ನು ಮುಂದೆ ಬಿಟ್ಟನಂತೆ. ಬೇರೆ ದಿನವಾದರೆ ಅಳಿಯ ನಗುತ್ತಿದ್ದ. ಈಗ ಅವನ ಜೀವವೆಲ್ಲ ಆಲಿಕೆಯಲ್ಲಿತ್ತು. ಬೇಡ, ಈಗ ಬೇಡ, ಅಂದುಕೊಳ್ಳುತ್ತಿದ್ದ.

ಗುಳುಂ.

ಮಾವ ಮಾತು ನಿಲ್ಲಿಸಿದ. ಇನ್ನೊಂದು ಬಂತು, ಗುಳುಂ.

"ಎಷ್ಟು ಹೋಯ್ತು?" ಅಂದ ಮಾವ.

ಮಗಳು ಆಲಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಮಗಾ, ನಿನ್ನನ್ನೇ ಕೇಳಿದ್ದು."

"ಅರ್ಧ ಅಪ್ಪ," ಅಂದಳು ಅವಳು, ಅಳುವ ದನಿಯಲ್ಲಿ.

"ಬ್ರೀದರಲ್ಲಿ ಹುಯ್ತಾ ಇದೀರ. ಅಂದ್ರೆ ಮೇಲಿನ ನಟ್ಟು ಬಂದಿಲ್ಲ. ಅಂದ್ರೆ ಕೆಳಗಿಂದು ಮೊದಲು ಬಿಚ್ಚಿದೀರ." ಮಾವ ಪಿಟ್ ಕಡೆಗೆ ಮುಖ ತಿರುಗಿಸಿದ. ಸಿಟ್ಟು ಬಂದರೆ ಅವನಿಗೆ ಬಹುವಚನ ಬರುತ್ತಿತ್ತು. "ಏನು ಅಳಿಯಂದ್ರೇ, ಮರೆತೋಯ್ತಾ?"

"ಇಲ್ಲ ಮಾವ," ಅಂದ ಅಳಿಯ. "ನೆನಪಿತ್ತು. ಬೇಕಂತಲೇ ಬಿಚ್ಚಿದೆ."

ಮಾವ ಕನ್ನಡಕ ತೆಗೆದು, ಬೆಳಕು ಕಣ್ಣಿಗೆ ಚುಚ್ಚಿ, ಮತ್ತೆ ಹಾಕಿಕೊಂಡ.

"ಹೋಗಿರ್ತೀರಿ ಅಂತ ಅಂದ್ಕೊಂಡೇ ಬಂದೆ ನಾನು," ಅಂದ. "ಇನ್ನೂ ಇಲ್ಲೇ ಇದೀರ."

ಅಳಿಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಟಾರ್ಚ್ ಜಾರಿತು.

"ಆ ಗೋಡೆ ನಿಮ್ಮ ಕಡೆಗೆ ಮಾತ್ರ ತೆಳ್ಳಗಿದೆ ಅಂದ್ಕೊಂಡಿದ್ಯಾ? ನಾಲ್ಕು ದಿನದಿಂದ ಪಾತ್ರೆ ಸದ್ದು ಮಾಡ್ತಿಲ್ಲ ಈ ಮನೇಲಿ. ನೀವು ಹೋಗೋದನ್ನ ಇಲ್ಲಿ ಕೂತು ನೋಡಕ್ಕಾಗಲ್ಲ ಅಂತ ತಾನೆ ಕಣ್ಣಾಸ್ಪತ್ರೆಗೆ ಹೋಗಿದ್ದು. ಕಣ್ಣಿಗೆ ಏನಾಗಿದೆ ನನಗೆ?"

ಒಳಬಾಗಿಲಲ್ಲಿ ನಿಂತ ಅತ್ತೆ, ಪೊರೆ ಬಂದಿದೆ, ಎರಡು ಕಣ್ಣಿಗೂ, ಅಂತ ಯಾರೂ ಕೇಳದೆ ಉತ್ತರ ಕೊಟ್ಟಳು.

ಮಾವ ಎದ್ದ. ಸ್ಟೂಲಿನ ಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ತಡವಿ ಪಿಟ್‌ಗೆ ಇಳಿದ. ಇಬ್ಬರು ನಿಲ್ಲುವಷ್ಟು ಅಗಲವಿಲ್ಲದ ಗುಂಡಿ. ಮಾವನ ಉಸಿರು ಅಳಿಯನ ಕೆನ್ನೆಗೆ ಬಡಿಯುತ್ತಿತ್ತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಇಷ್ಟು ಹತ್ತಿರ ನಿಂತಿರಲಿಲ್ಲ.

"ಅಂದಾಜಿಗೆ ಹುಯ್ದ ಎಣ್ಣೆ ನಂಬ್ಕೊಂಡು ನನ್ನ ಮಗಳನ್ನ ಗುಡ್ಡ ಹತ್ತಿಸ್ತೀಯಾ? ಮೇಲಿನ ನಟ್ಟು ಬಿಚ್ಚದೆ ಮಟ್ಟ ಹೆಂಗೆ ಗೊತ್ತಾಗತ್ತೆ ನಿನಗೆ? ಒಂದು ಸೈಜು ಚಿಕ್ಕ ರಿಂಗ್ ಪಾನ ಕೊಡು. ಸುತ್ತಿಗೆ ಕೊಡು."

ಮಾವ ಸವೆದ ನಟ್ಟನ್ನು ಬೆರಳಿನಿಂದ ಸುತ್ತ ಸವರಿದ. ಅದರ ತಲೆಗೆ ಆ ಚಿಕ್ಕ ಪಾನವನ್ನು ಇಟ್ಟು, ಬೆರಳ ಅಂದಾಜಿನಲ್ಲೇ ಸುತ್ತಿಗೆಯಿಂದ ಹೊಡೆದು ಕೂರಿಸಿದ. ಎರಡನೆಯ ಏಟು ಅವನ ಹೆಬ್ಬೆರಳಿಗೇ ಬಿತ್ತು. ಬೈದ. ಯಾರನ್ನು ಅಂತ ಗೊತ್ತಾಗಲಿಲ್ಲ. ಪಾನ ಕಚ್ಚಿಕೊಂಡ ಮೇಲೆ ಮೊದಲು ಕೂದಲೆಳೆಯಷ್ಟು ಬಿಗಿಗೆ ತಿರುಗಿಸಿ, ಆಮೇಲೆ ಉಲ್ಟಾ ಜಗ್ಗು ಅಂದ. ಇಬ್ಬರೂ ಒಂದೇ ಪಾನ ಹಿಡಿದು ಜಗ್ಗಿದರು. ನಟ್ಟು ಕಿರ್ರ್ ಅಂತ ಕೂಗಿ ಸಡಿಲವಾಯಿತು. ಆ ಸದ್ದಿಗೆ ಮೇಲಿದ್ದ ಹೆಂಡತಿ ಅತ್ತೇಬಿಟ್ಟಳು.

ಮಿಕ್ಕಿದ ಎಣ್ಣೆಯನ್ನು ಕೈಪಂಪಿನಲ್ಲಿ ಮೇಲಿನ ತೂತಿಗೇ ತುಂಬಿದರು. ತುಂಬಿ, ತೂತಿನ ತುಟಿಯಿಂದ ಒಂದು ಎಳೆ ಹೊರಗೆ ಇಳಿದಾಗ ಮಾವ ಬೆರಳಿಟ್ಟು ನೋಡಿ, ಸಾಕು ಅಂದ. ತಗಡಿನ ಡಬ್ಬಿಯಿಂದ ಹೊಸ ನಟ್ಟು, ಹೊಸ ವಾಷರ್ ತರಿಸಿ ಅಳಿಯನ ಕೈಗೆ ಕೊಟ್ಟ. ಒಂದು ಕೈಗೆ ನಟ್ಟು ಕೊಟ್ಟವನು, ತಡಕಾಡಿ, ಇನ್ನೊಂದು ಕೈಗೆ ಪೈಪು ಕೊಟ್ಟ.

ಪೈಪು ತಣ್ಣಗಿತ್ತು. ಅಳಿಯ ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತ. ಒಂದು ಸಲ ಜೋತುಬಿದ್ದರೆ ಮಾವನಿಗೆ ಸಮಾಧಾನ. ಮುಂದಿನ ವರ್ಷ ಎಣ್ಣೆ ಬದಲಾಯಿಸಲು ಈ ಸ್ಟೂಲಿನ ಮುಂದೆಯೇ ಬಂದು ನಿಲ್ಲಬೇಕು, ಅದರ ಮುಂದಿನ ವರ್ಷವೂ. ನಟ್ಟು ಬಿಚ್ಚಿಕೊಟ್ಟವನಿಗೆ ಅಷ್ಟೂ ಮಾಡಬಾರದೇ ಅನ್ನಿಸಿತು. ಹಿಂದೊಮ್ಮೆ ಇದೇ ಪೈಪನ್ನು ಗೌರವ ಅಂದುಕೊಂಡದ್ದೂ ನೆನಪಾಯಿತು. ಪೈಪನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿ ಕೂರಿಸಿ, ಪಾನ ಹಾಕಿ, ವಾಷರ್ ಕಚ್ಚುವಷ್ಟು ಮಣಿಕಟ್ಟಿನಿಂದ ಬಿಗಿದು ಬಿಟ್ಟ.

ಮಾವ ಕಿವಿಗೊಟ್ಟು ಕಾಯುತ್ತಿದ್ದ.

"ಪೈಪು?"

"ಕೈಬಿಗಿ ಸಾಕು ಮಾವ."

"ನಿನಗೆ ಸಾಕು," ಅಂದ ಮಾವ. ನಟ್ಟಿನ ಮೇಲೆ ಬೆರಳಿಟ್ಟ. "ಯಾರು ಬೇಕಾದ್ರೂ ಬಿಚ್ತಾರೆ ಇನ್ನು ಇದನ್ನ." ಬೆರಳು ಅಲ್ಲೇ ಇತ್ತು. ಆಮೇಲೆ ಪೈಪನ್ನು ಊರುಗೋಲಿನ ಹಾಗೆ ಹಿಡಿದು ಮೆಟ್ಟಿಲು ಹತ್ತಿ, ಅಭ್ಯಾಸಬಲ ನೋಡಿ, ಮತ್ತೆ ಆ ಸ್ಟೂಲಿನ ಮೇಲೆಯೇ ಕೂತ.

ಅತ್ತೆ ಮಗಳ ತಲೆ ಸವರಿ, ಹತ್ತು ಅಂದಳು. ಅಳಿಯ ಕೈ ಒರೆಸಿಕೊಂಡು ಜೀಪು ಚಾಲೂ ಮಾಡಿದ. ಬಿಸಿಲು ಶೆಡ್ಡಿನ ಹಿಂಗೋಡೆ ಹತ್ತಿತ್ತು. ಈಗ ಹೊರಟರೆ ಕತ್ತಲೆಗೆ ಮುಂಚೆ ಮುಟ್ಟಬಹುದು. ಆದರೆ ಶೆಡ್ಡಿನ ಬಾಯಲ್ಲಿ ಮಾವ. ಹಾರ್ನ್ ಹೊಡೆಯುವುದೇ? ಅತ್ತೆಗೆ ಸನ್ನೆ ಮಾಡುವುದೇ? ಹೆಂಡತಿ ಇವನ ಮುಖ ನೋಡುತ್ತಿದ್ದಳು. ಅಷ್ಟು ವರ್ಷ ಗಂಟಲಲ್ಲಿ ಕೂತಿದ್ದ ಮಾತು, ಅದನ್ನು ಹೇಳದೆ ತಪ್ಪಿಸಿಕೊಳ್ಳಲು ತಾನೆ ಇಷ್ಟೆಲ್ಲ ಮಾಡಿದ್ದು. ಎಂಜಿನ್ ಆರಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಮಾವ, ಸ್ವಲ್ಪ ಏಳಿ. ನಾವು ಹೊರಡ್ತೀವಿ."

"ಎಲ್ಲಿಗೆ?" ಅಂದ ಮಾವ.

"ಗುಡ್ಡದ ಆಚೆಗೆ. ಅಲ್ಲೇ ಇರಕ್ಕೆ."

ಮಾವ ಎದ್ದ. ಸ್ಟೂಲನ್ನು ಎಳೆಯಲಿಲ್ಲ, ಎತ್ತಿದ. ಎತ್ತಿಕೊಂಡು ಗೋಡೆಯ ಪಕ್ಕಕ್ಕೆ ಸರಿದ. ಗುಡ್ಡ ಶುರುವಾಗೋ ಮುಂಚೆನೇ ಲೋ ಗೇರ್ ಹಾಕು, ಸಿಕ್ಕಿಹಾಕ್ಕೊಂಡ ಮೇಲೆ ಹಾಕಿದ್ರೆ ಬೀಳಲ್ಲ, ಅಂದ. ಜೀಪು ಅವನ ಹೊಟ್ಟೆ ಸವರುವಷ್ಟು ಹತ್ತಿರದಲ್ಲಿ ಹೊರಗೆ ಹೋಯಿತು.

ತಿರುವಿನಲ್ಲಿ ಅಳಿಯ ಕನ್ನಡಿ ನೋಡಿದ. ಶೆಡ್ಡಿನ ಬಾಯಿ ತೆರೆದಿತ್ತು. ಮಾವ ಸ್ಟೂಲನ್ನು ಕೆಳಗಿಡುವುದನ್ನೇ ಮರೆತು, ಕತ್ತು ಓರೆ ಮಾಡಿ, ಜೀಪು ಹೋದ ಕಡೆಗೆ ಒಂದು ಕಿವಿ ಕೊಟ್ಟು ನಿಂತಿದ್ದ.